ಕೊಟ್ಟಿಗೆಯಲ್ಲೇ ಇದೆ ಇಂಧನ

ಪೆಟ್ರೋಲು, ವಿದ್ಯುತ್ತು ಎರಡರಿಂದಲೂ ಓಡುವ ಹೈಬ್ರಿಡ್ ಕಾರುಗಳು ಪೇಟೆಗೆ ಬಂದಿವೆ. ರೈತನ ಡೀಸೆಲ್ ಪಂಪ್‌ಸೆಟ್ಟೂ ಎರಡು ಇಂಧನಗಳಿಂದ ನಡೆಯಬಲ್ಲದೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಎಂಜಿನ್ನು ಎಳೆದುಕೊಳ್ಳುವ ಗಾಳಿಯೊಡನೆ ಗೋಬರ್ ಅನಿಲ ಬೆರೆಸಿದರೆ ಡೀಸೆಲ್ ಖರ್ಚು ಶೇ. 80ರವರೆಗೂ ತಗ್ಗುತ್ತದೆ. ಅನಿಲವನ್ನು ಹೊತ್ತಿಸಲು ಉಳಿದಷ್ಟು ಡೀಸೆಲ್ ಬೇಕೇ ಬೇಕು.

ಆದರೆ ಲೆಕ್ಕ ತಪ್ಪಬಾರದು. 1 ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. 5 ಅಶ್ವಶಕ್ತಿಯ ಎಂಜಿನ್ನು ಗಂಟೆಗೆ 2 ಘನ ಮೀಟರಿಗೂ ಹೆಚ್ಚು ಅನಿಲ ಬಳಸುತ್ತದೆ. ಎರಡು ಮೂರು ದನಗಳಿರುವವರು ಅಡುಗೆಗಷ್ಟೇ ಬಳಸುವುದು ಲೇಸು. ಪಂಪಿಗೆ ಬೇಕಾದರೆ ನಾಲ್ಕಾರು ಮನೆಯವರು ಕೂಡಬೇಕು.

ಬೆರಣಿ ಸುಟ್ಟರೆ ಉಳಿಯುವುದು ಬೂದಿ. ಅನಿಲ ಸ್ಥಾವರದಲ್ಲಿ ಒಲೆಗೆ ಉರಿಯೂ ಉಂಟು, ಹೊಲಕ್ಕೆ ಗೊಬ್ಬರವೂ ಉಂಟು. ರೈತ ಬಾಂಧವರು ಯೋಚಿಸಲಿ.