ಸದ್ದು ಮಾಡುವ ಬ್ರೇಕು, ಸದ್ದಿಲ್ಲದೆ ಕೈಕೊಡುವ ಬ್ರೇಕು

ಡಿಸ್ಕ್ ಬ್ರೇಕಿನ ಪ್ಯಾಡ್ ಸವೆದು ಕೊನೆಗೆ ಬಂದಾಗ ಅದರಲ್ಲಿರುವ ಸಣ್ಣ ಲೋಹದ ಪಟ್ಟಿ ಡಿಸ್ಕಿಗೆ ತಾಗಿ ಕೀರಲು ಸದ್ದು ಹೊರಡಿಸುತ್ತದೆ. ಹಲವು ಕಾರುಗಳಲ್ಲಿ ಈ ಪಟ್ಟಿ ಇಟ್ಟಿರುವುದೇ ಎಚ್ಚರಿಸಲಿಕ್ಕೆ. ಮಳೆಗಾಲದ ಬೆಳಗ್ಗೆ ಡಿಸ್ಕಿಗೆ ಹಿಡಿದ ತೆಳು ತುಕ್ಕೂ ಕರಕರ ಎನ್ನುವುದುಂಟು. ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದು ಹೋಗುತ್ತದೆ, ಗಾಬರಿ ಬೇಡ. ಹೋಗದ ಸದ್ದು, ಅದರಲ್ಲೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಕೇಳಿಸಿದರೆ ಗ್ಯಾರೇಜಿಗೆ ಹೋಗಲೇಬೇಕು.

ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಗೇರನ್ನು ಬಿಟ್ಟು ಬ್ರೇಕನ್ನೇ ನಂಬಿದರೆ ಪೆಡಲ್ ಸಲೀಸಾಗಿ ತಳಕ್ಕೆ ಹೋಗಿಬಿಡುವ ಅಪಾಯವಿರುವುದು ಇದರಿಂದಲೇ. ಸುಮಾರು 2 ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂಬ ಸಲಹೆಯನ್ನು ಲೆಕ್ಕಕ್ಕಿಡುವವರು ಕಡಿಮೆ. ಡಬ್ಬಿಯಲ್ಲಿ ಆಯಿಲ್ ಇಳಿದಿದ್ದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಬರೀ ತುಂಬಿಸಿ ಮುಚ್ಚಳ ಹಾಕಿದರೆ ರೋಗ ಒಳಗೇ ಉಳಿಯುತ್ತದೆ.

ಬ್ರೇಕ್ ಒತ್ತಿದಾಗ ಗಾಡಿ ಒಂದೇ ಬದಿಗೆ ಎಳೆದರೆ ಒಂದು ಚಕ್ರದ ಕ್ಯಾಲಿಪರ್ ಜಾಮ್ ಆಗಿರಬಹುದು. ಡ್ರಮ್ ಬ್ರೇಕಿನ ಸ್ಕೂಟರಿನಲ್ಲಿ ಹಿಂಚಕ್ರದ ನಟ್ ಬಿಗಿ ಮಾಡುತ್ತಾ ಹೋಗಿ, ಇನ್ನು ತಿರುಗಿಸಲು ಜಾಗವೇ ಇಲ್ಲವೆಂದಾದರೆ ಬ್ರೇಕ್ ಶೂ ಬದಲಿಸುವ ಹೊತ್ತು ಬಂದಿದೆ.