ಅಪ್ಪಣೆ ಉಂಟು, ಕೋವಿ ಇಲ್ಲ

ಬೆಳೆ ಹಾಳುಗೆಡಹುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ರಾಜ್ಯ ಸರಕಾರವು 2022ರ ಮೇ ತಿಂಗಳಲ್ಲಿ ಪಂಚಾಯತು ಅಧ್ಯಕ್ಷರಿಗೂ ನಗರಸಭಾಧ್ಯಕ್ಷರಿಗೂ ವಹಿಸಿಕೊಟ್ಟಿತು. ಅರಣ್ಯ ಕಚೇರಿಯ ಮೆಟ್ಟಿಲು ಹತ್ತಿಳಿದು ಬೇಸತ್ತಿದ್ದ ಕೃಷಿಕರು ಇನ್ನಾದರೂ ಬೆಳೆ ಕೈಗೆ ಬಂದೀತು ಎಂದುಕೊಂಡರು. ಆದರೆ ದೇಲಂಪಾಡಿ, ಕಾರಡ್ಕ, ಬೇಡಡ್ಕ, ಎಣ್ಮಕಜೆ ಕಡೆಗಳಲ್ಲಿ ಒಂದು ಸುತ್ತು ಹೋಗಿ ಬಂದವರಿಗೆ ಪರಿಸ್ಥಿತಿ ಏನೆಂದು ತಿಳಿಯದಿರದು. ಮರಗೆಣಸಿನ ಸಾಲು ಬೆಳಗಾಗುವಷ್ಟರಲ್ಲಿ ಬುಡಮೇಲು. ಬಾಳೆ, ಎಳೆಯ ಕಂಗು, ತೆಂಗಿನ ಸಸಿ ಯಾವುದೂ ಉಳಿಯುತ್ತಿಲ್ಲ. ಅಪ್ಪಣೆ ಸಿಗುತ್ತದೆ, ನಿಜ. ಗುಂಡು ಹೊಡೆಯಬೇಕಾದವನು ಮಾತ್ರ ಪರವಾನಿಗೆಯುಳ್ಳ ಕೋವಿ ಇದ್ದವನೇ ಆಗಿರಬೇಕು. ಅಂಥವರು ಪಂಚಾಯತಿಗೆ ಎಷ್ಟು ಮಂದಿ? ಇದ್ದವರಲ್ಲಿ ಅನೇಕರು ವಯಸ್ಸಾದವರು. ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಎದ್ದು, ಮಳೆಯಲ್ಲಿ ನೆನೆದುಕೊಂಡು ಊರವರ ತೋಟ ಕಾಯಲು ಅವರಿಂದ ಸಾಧ್ಯವಿಲ್ಲ.

ಈ ಕೊರತೆಯನ್ನು ತುಂಬಲು ಊರಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ನಾವು ಹೇಳುತ್ತೇವೆ. ಎಲ್ಲಿಯೋ ಮಾಡಿಸಿದ ಕೋವಿ, ಹಿತ್ತಿಲ ಕೊಟ್ಟಿಗೆಯಲ್ಲಿ ಅಂದಾಜಿನಲ್ಲಿ ತುಂಬಿದ ಈಡು, ಪಟಾಕಿಯಿಂದ ಬಿಡಿಸಿ ತೆಗೆದ ಮದ್ದು, ಹಂದಿಯ ದಾರಿಗೆ ತಂತಿ ಎಳೆದು ಕಟ್ಟಿಟ್ಟ ಕೋವಿ. ಹಂದಿಗೆಂದು ಕಟ್ಟಿಟ್ಟ ಕೋವಿ ದಾರಿಹೋಕನನ್ನು ಕೊಂದದ್ದು ಈ ಜಿಲ್ಲೆಯಲ್ಲಿಯೇ ನಡೆದಿದೆ. ತಿಂಡಿಯೊಳಗೆ ಸಿಡಿಮದ್ದು ಅಡಗಿಸುವ ಕ್ರಮ ಎಂಥದೆಂಬುದನ್ನು 2020ರಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಛಿದ್ರವಾಗಿ ಹೊಳೆಯಲ್ಲಿ ನಿಂತುಕೊಂಡೇ ಸತ್ತ ಬಸುರಿ ಆನೆ ಇಡೀ ದೇಶಕ್ಕೆ ತೋರಿಸಿತು.

ಮನೆಯಲ್ಲಿ ಈಡು ತುಂಬುವುದೇನೂ ಹೊಸತಲ್ಲ. ಹಿಂದಿನ ಕೇಪಿನ ಕೋವಿಯಲ್ಲಿ ಪ್ರತಿ ಸಲವೂ ನಳಿಗೆಯ ಬಾಯಿಯಿಂದಲೇ ಮದ್ದು, ಚರೆ ತುಂಬಿ ಗಜದಿಂದ ಗಿಡಿಯುತ್ತಿದ್ದರು. ಹಾಗಾಗಿ ಇದು ನಮ್ಮ ಅಜ್ಜಂದಿರೂ ಮಾಡಿದ್ದೇ ಅಲ್ಲವೇ ಎಂದು ವಾದಿಸುವವರಿದ್ದಾರೆ. ಅಜ್ಜಂದಿರು ತುಂಬುತ್ತಿದ್ದುದು ಕರಿಮದ್ದು, ಅದೂ ಅಳತೆಯ ಕೊಳವೆಯಲ್ಲಿ ಅಳೆದು. ಹೊಗೆಯಿಲ್ಲದ ಈಗಿನ ಮದ್ದನ್ನು ಅದೇ ಅಳತೆಯಲ್ಲಿ ಆ ಹಳೆಯ ನಳಿಗೆಗೆ ಸುರಿದರೆ ಒತ್ತಡ ತಾಳದೆ ನಳಿಗೆಯೇ ಒಡೆಯುತ್ತದೆ. ಪಟಾಕಿಯ ಮದ್ದಿನ ಕತೆ ಇನ್ನೂ ಕೆಟ್ಟದು. ಅದು ಗುಂಡನ್ನು ತಳ್ಳಲೆಂದು ಮಾಡಿದ್ದಲ್ಲ, ಸಿಡಿಯಲೆಂದೇ ಮಾಡಿದ್ದು. ಹೀಗೆ ಸಿಡಿದಾಗ ಹಂದಿಗೆ ಏನೂ ಆಗುವುದಿಲ್ಲ. ಕೋವಿ ಹಿಡಿದವನ ಬೆರಳು, ಕಣ್ಣು ಹೋಗುತ್ತದೆ.

ಅಮೆರಿಕದಲ್ಲಿ ಖರ್ಚಾದ ಕಾಡತೂಸುಗಳ ಹಿತ್ತಾಳೆ ಕೋಶಗಳನ್ನು ಹೆಕ್ಕಿ ತಂದು ಮನೆಯಲ್ಲಿಯೇ ಮರಳಿ ತುಂಬುವವರು ಬಹಳ ಮಂದಿ ಇದ್ದಾರೆ. ಪಿಸ್ತೂಲಿನ ಗುಂಡನ್ನು ಕೂಡ ಹೀಗೆ ತುಂಬುತ್ತಾರೆ. ಅಲ್ಲಿ ಅದು ಕಾನೂನಿಗೆ ಒಳಪಟ್ಟ ಹವ್ಯಾಸ, ಬೇಕಾದ ಸಾಮಾನೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಆ ಹವ್ಯಾಸಕ್ಕೆ ಹೊಸಬನಾಗಿ ಕಾಲಿಡುವವನಿಗೆ ಹಳಬರು ಮೊದಲು ಕೊಳ್ಳಹೇಳುವುದು ಯಂತ್ರವನ್ನಲ್ಲ, ಪರೀಕ್ಷಿಸಿದ ಅಳತೆಗಳನ್ನು ಅಚ್ಚು ಹಾಕಿಸಿದ ಪುಸ್ತಕವನ್ನು. ಅನಂತರ ತಕ್ಕಡಿ. ಮದ್ದನ್ನು ಅವರು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಯಂತ್ರ ಕೊಳ್ಳುವಾಗಲೂ ಗಂಟೆಗೆ ನೂರಾರು ತುಂಬುವಂಥದು ಬೇಡ, ಒಮ್ಮೆಗೆ ಒಂದೇ ಕೆಲಸ ಮಾಡುವ ಸಾದಾ ಒತ್ತುಯಂತ್ರ ಸಾಕು ಎನ್ನುತ್ತಾರೆ. ಕಾರಣ ಇಷ್ಟೆ: ಪಿಸ್ತೂಲಿನ ಕೋಶಕ್ಕೆ ಬೇಕಾಗುವ ಮದ್ದು ಬಹಳ ಸ್ವಲ್ಪ. ಮರೆತು ಎರಡು ಸಲ ಹಾಕಿದರೂ ಹಲವು ಸಲ ಅದು ಹೊರಗೆ ಚೆಲ್ಲದೆ ಒಳಗೇ ಹಿಡಿಸಿಬಿಡುತ್ತದೆ. ಕೋಶಗಳನ್ನು ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಒಂದೊಂದರೊಳಗೂ ಇಣುಕಿ ನೋಡಿದರೆ ಮಾತ್ರ ತಪ್ಪು ಕಂಡೀತು. ಪುಸ್ತಕ, ತಕ್ಕಡಿ, ಒಳ್ಳೆಯ ಬೆಳಕು, ಬಿಡುವು ಎಲ್ಲ ಇರುವಲ್ಲಿಯೇ ಇಷ್ಟು ಎಚ್ಚರಿಕೆ. ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ತಕ್ಕಡಿಯಿಲ್ಲ, ಪುಸ್ತಕವಿಲ್ಲ, ಮದ್ದು ಯಾವ ಜಾತಿಯದೆಂಬ ಅರಿವೂ ಇಲ್ಲ. ಪೊಲೀಸು ಜೀಪಿನ ಭಯವೊಂದು ಬೇರೆ.

ಆ ಭಯಕ್ಕೆ ಕಾರಣವೂ ಇದೆ. ಪರವಾನಿಗೆಯಿಲ್ಲದೆ ಕೋವಿಯನ್ನಾಗಲಿ ಕಾಡತೂಸನ್ನಾಗಲಿ ತಯಾರಿಸುವವರಿಗೆ 2019ರ ತಿದ್ದುಪಡಿಯ ಬಳಿಕ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಕಾದಿದೆ. ಗೆಣಸು ಉಳಿಸಲು ಹೊರಟವನು ಆಯುಸ್ಸಿನ ಅರ್ಧವನ್ನು ಸೆರೆಮನೆಯಲ್ಲಿ ಕಳೆಯಬೇಕಾದೀತು. ನಮ್ಮ ಕೃಷಿಕ ಬಂಧುಗಳಲ್ಲಿ ವಿನಂತಿ: ಇಂಥ ಸಾಮಾನು ಮನೆಯಲ್ಲಿದ್ದರೆ ಅದು ತೋಟದ ಕಾವಲಲ್ಲ, ಮಕ್ಕಳಿರುವ ಮನೆಯೊಳಗಿನ ಮೃತ್ಯು.

ಇಷ್ಟು ಹೇಳಿ ಕೃಷಿಕನಿಗೆ ಮಾತ್ರ ಬುದ್ಧಿವಾದ ಹೇಳಿ ಮುಗಿಸುವುದು ನ್ಯಾಯವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನನ್ನು ಒಮ್ಮೆ ಓದಿ ನೋಡಬೇಕು. ನಿಜವಾದ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಯಿಂದ ತುಂಬುವ ಕೋವಿಗೆ ಅರ್ಜಿ ಹಾಕಿದವನಿಗೆ, ಬೇರೆ ಅಡ್ಡಿಯಿಲ್ಲವಾದರೆ, ಪರವಾನಿಗೆ ಕೊಡತಕ್ಕದ್ದು ಎಂದೇ ಅಲ್ಲಿ ಬರೆದಿದೆ. ಆ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಪರವಾನಿಗೆ ಕೊಡಬಹುದು. ಎಂದರೆ, ಕೃಷಿಕನು ಕೇಳುತ್ತಿರುವುದು ದಯೆಯನ್ನಲ್ಲ, ಕಾಯಿದೆಯಲ್ಲಿ ಆಗಲೇ ಇರುವುದನ್ನು. ಮೂಡಣ ಗಡಿಯಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದಲೇ 2029ರವರೆಗೆ ವಿನಾಯಿತಿ ಇದೆ. ಅಂಥ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ. ಕೋವಿ ಪರವಾನಿಗೆಗೆ ಒಳಪಟ್ಟಿರಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅರ್ಜಿ ಹಾಕಿದವನಿಗೆ ಹೌದೋ ಅಲ್ಲವೋ ಎಂಬ ಉತ್ತರ ಒಂದು ಬೆಳೆಯ ಅವಧಿಯೊಳಗಾದರೂ ಸಿಗಬೇಡವೇ?

ಪರವಾನಿಗೆ ಇದ್ದವರ ಗೋಳೂ ಸಣ್ಣದಲ್ಲ. ಚುನಾವಣೆ ಘೋಷಣೆಯಾದೊಡನೆ ಕೋವಿ ಠಾಣೆ ಸೇರುವುದು ರೂಢಿ. 2024ರಲ್ಲಿ ಲೋಕಸಭೆಗೆ, 2025ರ ಡಿಸೆಂಬರಿನಲ್ಲಿ ಪಂಚಾಯತುಗಳಿಗೆ ಚುನಾವಣೆ ನಡೆಯಿತು. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಷ್ಟೆ! ಯಾರಿಂದ ಶಾಂತಿಭಂಗದ ಸಂಶಯವಿದೆಯೋ ಅವರ ಕೋವಿಯನ್ನು ಇರಿಸಿಕೊಳ್ಳಲಿ. ಪಂಚಾಯತು ಪಟ್ಟಿಯಲ್ಲಿ ಹಂದಿ ಹೊಡೆಯಲು ಹೆಸರಿರುವ ಕೃಷಿಕರನ್ನು ಪ್ರತ್ಯೇಕವಾಗಿ ಪರಿಗಣಿಸಲು ಜಿಲ್ಲಾಡಳಿತಕ್ಕೆ ಏನು ಅಡ್ಡಿ?

ಇನ್ನೊಂದು ಮಾತು ಗಡಿನಾಡಿನ ಕನ್ನಡಿಗರಾದ ನಮಗೇ ಸೇರಿದ್ದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಿಗೆ ಬೇಕಾದವರು ಸುರಕ್ಷತಾ ತರಬೇತಿ ಪಡೆದಿರಬೇಕು. ಒಳ್ಳೆಯದೇ. ಆದರೆ ಆ ಪಾಠವನ್ನು ಕಲಿಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳದಿದ್ದರೆ ಫಲವೇನು? ಹಂದಿ ಹೊಡೆಯುವ ಅಪ್ಪಣೆಗೂ ಷರತ್ತುಗಳಿವೆ: ವಿಷ, ಸಿಡಿಮದ್ದು, ವಿದ್ಯುತ್ ತಂತಿ ಬಳಸಕೂಡದು, ಸತ್ತ ಹಂದಿಯನ್ನು ವಿಧಿವತ್ತಾಗಿ ಹೂಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮೊಕದ್ದಮೆ. ಮಲೆಯಾಳ ಓದಲು ಬಾರದ ಹಿರಿಯ ಕೃಷಿಕನಿಗೆ ಈ ಷರತ್ತುಗಳನ್ನು ತಿಳಿಸುವವರು ಯಾರು? ಭಾಷಾ ಅಲ್ಪಸಂಖ್ಯಾಕ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಾಗೂ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ರಾಜಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ಅರ್ಜಿ ನಮೂನೆ, ತರಬೇತಿ, ಅಪ್ಪಣೆಪತ್ರ ಮೂರೂ ಕನ್ನಡದಲ್ಲಿ ದೊರೆಯಬೇಕು.

ಮಾನ್ಯ ಜಿಲ್ಲಾಧಿಕಾರಿಗಳು ಪೊಲೀಸ್, ಅರಣ್ಯ ಮತ್ತು ಕೃಷಿ ಇಲಾಖೆಗಳ ಅಧಿಕಾರಿಗಳನ್ನೂ ಪಂಚಾಯತು ಅಧ್ಯಕ್ಷರನ್ನೂ ಒಂದೇ ಮೇಜಿನ ಸುತ್ತ ಕುಳ್ಳಿರಿಸಿ, ಬೆಳೆ ರಕ್ಷಣೆಯ ಕೋವಿಗೆ ಬಂದ ಅರ್ಜಿಗಳೆಷ್ಟು, ವಿಲೇವಾರಿಯಾದವು ಎಷ್ಟು, ಉಳಿದವು ಯಾವ ಮೇಜಿನಲ್ಲಿ ಏಕೆ ಮಲಗಿವೆ ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕೆಂದು ಆಗ್ರಹಿಸುತ್ತೇವೆ. ಮುಂದಿನ ಗೆಣಸು ನೆಡುವ ಹೊತ್ತಿಗೆ ಮುಂಚಿತವಾಗಿ ಇದು ನಡೆಯಲಿ.