ಗೃಹಸ್ಥರ ಯಂತ್ರಪಾಠ: ಮುಳ್ಳಿನ ಸಾಕ್ಷ್ಯ



ಹಿರಿಯರ ಕಾಲದ ಮೋಟಾರು ಕಾರನ್ನು ಜೋಪಾನದಿಂದ ಉಳಿಸಿಕೊಂಡು ಬಂದಿರುವ ಗೃಹಸ್ಥರಿಗೆ ಆಗಾಗ್ಗೆ ಒಂದು ಸಂಶಯ ತಲೆದೋರುವುದುಂಟು. ಎಂಜಿನ್ನಿನ ಶಾಖವನ್ನು ತೋರಿಸುವ ಮುಳ್ಳು ಮೇಲಕ್ಕೇರಿ ನಿಲ್ಲುತ್ತದೆ. ನೀರು ಮಾತ್ರ ಕುದಿಯುವಂತೆ ತೋರುವುದಿಲ್ಲ. ಯಾವುದನ್ನು ನಂಬುವುದು? ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವೂ ಹಳದಿಯಾಗಿ ಕಾಣುವುದೆಂಬ ದೃಷ್ಟಾಂತ ನಮ್ಮ ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ದೋಷವು ಶಂಖದಲ್ಲಿದೆಯೋ ಕಣ್ಣಿನಲ್ಲಿದೆಯೋ ಎಂಬುದನ್ನು ಆ ಕಣ್ಣೇ ನಿರ್ಣಯಿಸಲಾರದು. ಅದಕ್ಕೆ ಎರಡನೆಯ ಸಾಕ್ಷಿ ಬೇಕು.

ಆ ಸಾಕ್ಷಿ ದೊರೆಯುವವರೆಗೆ ಮುಳ್ಳನ್ನೇ ನಂಬತಕ್ಕದ್ದು. ಕಾರನ್ನು ನಿಲ್ಲಿಸಿ ಎಂಜಿನ್ ಆರುವವರೆಗೆ ಕಾಯುವುದರಿಂದ ನಷ್ಟವಾಗುವುದು ಒಂದು ಗಳಿಗೆಯ ಹೊತ್ತು ಮಾತ್ರ. ಶಾಖ ನಿಜವಾಗಿದ್ದು ಅಲಕ್ಷಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಒಡೆಯಬಹುದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನಂತೂ ತೆಗೆಯಲೇ ಕೂಡದು. ಒತ್ತಡದಲ್ಲಿರುವ ನೀರು ಒಮ್ಮೆಲೇ ಉಕ್ಕಿ ಮುಖವನ್ನು ಸುಟ್ಟೀತು.

ಎಂಜಿನ್ ತಣ್ಣಗಾದ ತರುವಾಯ ಮೊದಲು ನೀರಿನ ಮಟ್ಟವನ್ನು ನೋಡಿರಿ. ಬಳಿಕ ಮಾಪಕವು ಯಾವ ಬಗೆಯದೆಂದು ತಿಳಿಯಿರಿ. ಹಳೆಯ ಕಾರುಗಳಲ್ಲಿ ಎರಡು ಬಗೆಗಳುಂಟು.

ಮೊದಲನೆಯದರಲ್ಲಿ ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಲೋಹದ ಬುರುಡೆಯಿಂದ ಮಾಪಕದವರೆಗೆ ಕೂದಲೆಳೆಯಂತಹ ರಂಧ್ರವುಳ್ಳ ಕೊಳವೆಯಿರುತ್ತದೆ. ಒಳಗಿನ ದ್ರವವು ಆವಿಯಾಗಿ ಒತ್ತಿದಷ್ಟು ಮುಳ್ಳು ಏರುತ್ತದೆ. ಬುರುಡೆಯನ್ನು ಬಿಚ್ಚಿ, ಕೊಳವೆ ಮುರಿಯದಂತೆ ಎಚ್ಚರವಹಿಸಿ, ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದು, ಮಂಗಳೂರಿನಲ್ಲಾದರೆ 100ಕ್ಕೆ. ಇದನ್ನರಿಯದವರು ನಿರಪರಾಧಿಯಾದ ಮಾಪಕವನ್ನು ದೂರುವರು.

ಎರಡನೆಯದು ವಿದ್ಯುತ್ತಿನ ಮಾಪಕ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಸ್ಮಿತ್ಸ್ ಕಂಪೆನಿಯ ಇಂತಹ ಮಾಪಕಗಳಿದ್ದುವು. ಪೆಟ್ರೋಲ್ ಮಾಪಕಕ್ಕೂ ಶಾಖಮಾಪಕಕ್ಕೂ ಒಂದೇ ಸ್ಟೆಬಿಲೈಸರ್ ಸರಾಸರಿ 10 ವೋಲ್ಟುಗಳ ವಿದ್ಯುತ್ತನ್ನು ಒದಗಿಸುತ್ತದೆ. ಆದಕಾರಣ ನೆರೆಯ ಮುಳ್ಳನ್ನೂ ವಿಚಾರಿಸಿರಿ. ಎರಡೂ ಹೆಚ್ಚಾಗಿ ತೋರಿಸಿದರೆ ಸ್ಟೆಬಿಲೈಸರ್ ಅಥವಾ ಅದರ ಅರ್ಥಿಂಗ್ ಕೆಟ್ಟಿರಬೇಕು. ಶಾಖದ ಮುಳ್ಳೊಂದೇ ಹೆಚ್ಚು ತೋರಿಸಿದರೆ, ಎಂಜಿನ್ನಿನಲ್ಲಿರುವ ಸೆನ್ಸರಿನ ತಂತಿಯನ್ನು ಬಿಚ್ಚಿರಿ. ಮುಳ್ಳು ಮೆಲ್ಲನೆ ಕೆಳಗಿಳಿಯಬೇಕು. ಇಳಿಯದಿದ್ದರೆ ತಂತಿಯ ಹೊದಿಕೆ ಎಲ್ಲಿಯೋ ಸವೆದು ಲೋಹವನ್ನು ಮುಟ್ಟುತ್ತಿರಬಹುದು, ಇಲ್ಲವೇ ಮಾಪಕವೇ ಕೆಟ್ಟಿರಬಹುದು. ಇಳಿದರೆ, ಒಂದೋ ಸೆನ್ಸರ್ ಸುಳ್ಳಾಡುತ್ತಿದೆ, ಇಲ್ಲವೇ ಎಂಜಿನ್ ನಿಜವಾಗಿಯೂ ಕಾದಿದೆ. ಆಗ ದೂರದಿಂದಲೇ ಶಾಖವನ್ನಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟಿನ ಕವಚಕ್ಕೆ ಹಿಡಿದು ನೋಡಿರಿ. ಹೊಳೆಯುವ ಲೋಹದ ಮೇಲೆ ಅದೂ ತಪ್ಪು ಹೇಳುವುದರಿಂದ, ಕಪ್ಪಾದ ಮಂಕು ಭಾಗಕ್ಕೆ ಹಿಡಿಯಬೇಕು.

ಇಷ್ಟರವರೆಗೆ ಅಧಿಕವಾಗಿ ಹೇಳುವ ಮುಳ್ಳಿನ ವಿಚಾರವಾಯಿತು. ಅದು ಮನಸ್ಸಿಗೆ ಕಳವಳವನ್ನುಂಟುಮಾಡುವುದೇ ಹೊರತು ಎಂಜಿನ್ನನ್ನು ಕೊಲ್ಲದು. ಕಡಿಮೆಯಾಗಿ ಹೇಳುವ ಮುಳ್ಳೇ ಘಾತುಕ. ಸೆನ್ಸರಿನ ತಿರುಪಿಗೆ ನೀರು ಸೋರದಂತೆ ಟೇಪನ್ನು ದಪ್ಪನಾಗಿ ಸುತ್ತಿದರೆ ಎಂಜಿನ್ನಿನೊಡನೆ ಅದರ ಲೋಹಸಂಪರ್ಕ ಕೆಟ್ಟು, ಕಾದ ಎಂಜಿನ್ನೂ ತಣ್ಣಗಿರುವಂತೆ ಕಾಣುವುದು. ನೀರು ಬತ್ತಿ ಸೆನ್ಸರ್ ಬರಿಯ ಗಾಳಿಯಲ್ಲಿ ನಿಂತಾಗಲೂ ಹೀಗಾಗಬಹುದು. ಘಟ್ಟವನ್ನೇರುತ್ತಿರುವಾಗ ಏರಿದ್ದ ಮುಳ್ಳು ಹಠಾತ್ತನೆ ಬಿದ್ದರೆ, ಶಾಖ ಇಳಿಯಿತೆಂದು ಹರ್ಷಿಸದೆ ಕೂಡಲೇ ಕಾರನ್ನು ನಿಲ್ಲಿಸತಕ್ಕದ್ದು.

ಮಾಪಕ ಕೆಟ್ಟಿದೆಯೆಂದು ಗೊತ್ತಾದ ಮೇಲೆ ಅದನ್ನು ಹಾಗೆಯೇ ಬಿಟ್ಟು, "ಅದರ ಮಾತಿಗೆ ಬೆಲೆ ಕೊಡಬೇಡಿರಿ" ಎಂದು ಮನೆಯವರಿಗೆ ಹೇಳಿಡುವುದು ಅನೇಕರ ಅಭ್ಯಾಸ. ಇದರಿಂದ ಸತ್ಯವನ್ನು ಹೇಳುವ ದಿನವೂ ಅದನ್ನು ಕೇಳುವವರಿಲ್ಲದಂತಾಗುತ್ತದೆ. ಮುಂದೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಬೇರೆಯವರಾಗಿರಬಹುದು. ಆದುದರಿಂದ ಸುಳ್ಳುಸಾಕ್ಷಿಯನ್ನು ತಿದ್ದಿರಿ, ಇಲ್ಲವೇ ಬದಲಾಯಿಸಿರಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ.